ರಿಮೇಕಿಗೂ ಒಂದು ಊರು ಬೇಕು

ಹೊಸ ಸಿನಿಮಾ ಬಂದಾಗ, ಹೊಸ ಧಾರಾವಾಹಿ ಶುರುವಾದಾಗ ಕನ್ನಡದ ಪ್ರೇಕ್ಷಕ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ರಿಮೇಕೋ, ಸ್ವಮೇಕೋ? ಬೇರೆ ಭಾಷೆಯಿಂದ ತಂದದ್ದಾದರೆ ಕೀಳು, ಇಲ್ಲಿಯೇ ಹೆಣೆದದ್ದಾದರೆ ಮೇಲು. ಲೆಕ್ಕ ಅಲ್ಲಿಗೇ ಚುಕ್ತಾ. ನಿರ್ಮಾಪಕರೂ ಇದನ್ನು ಬಲ್ಲರು. ‘ನಮ್ಮದು ಪಕ್ಕಾ ಸ್ವಮೇಕ್’ ಎಂದು ಪತ್ರಿಕಾಗೋಷ್ಠಿಯಲ್ಲಿ ಎದೆ ತಟ್ಟಿ ಹೇಳುತ್ತಾರೆ. ರಿಮೇಕ್ ಆಗಿದ್ದರೆ ಆ ಮಾತನ್ನು ಆದಷ್ಟು ತಡವಾಗಿ, ಆದಷ್ಟು ಮೆಲ್ಲಗೆ ಹೇಳುತ್ತಾರೆ. ಆದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರಲ್ಲಿ ನಿಂತು ನೋಡಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ. ಮರಾಠಿಯಿಂದ ತಂದ ಧಾರಾವಾಹಿಯೊಂದು ಇಲ್ಲಿಯವರಿಗೆ ತಮ್ಮ ಓಣಿಯ ಕಥೆಯಂತೆ ಕಂಡದ್ದುಂಟು. ಬೆಂಗಳೂರಿನಲ್ಲೇ ಬರೆದು, ಬೆಂಗಳೂರಿನಲ್ಲೇ ಚಿತ್ರೀಕರಿಸಿದ ಅಪ್ಪಟ ಸ್ವಮೇಕ್ ಸಿನಿಮಾ ಯಾವ ಊರಿನದೂ ಆಗದೆ ಹೋದದ್ದೂ ಉಂಟು. ಕಥೆ ಎಲ್ಲಿಂದ ಬಂತು ಎಂಬುದಕ್ಕಿಂತ ಬಂದ ಕಥೆಗೆ ಇಲ್ಲಿ ಊರು ಸಿಕ್ಕಿತೋ ಇಲ್ಲವೋ ಎಂಬುದೇ ದೊಡ್ಡ ಮಾತು ಎಂದು ನನ್ನ ವಾದ.

ಮೊದಲು ಟಿವಿಯ ವಿಷಯ. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಗಿಣಿರಾಮ’ ಕಲರ್ಸ್ ಮರಾಠಿಯ ‘ಜೀವ್ ಝಾಲಾ ಯೇಡಾಪಿಸಾ’ದ ರಿಮೇಕ್. ಒರಟ ಶಿವರಾಮ, ಓದಿದ ಮಹತಿ, ಇಷ್ಟವಿಲ್ಲದೆ ನಡೆದ ಮದುವೆ, ನಿಧಾನಕ್ಕೆ ಮೂಡುವ ಪ್ರೀತಿ. ಇದರಲ್ಲಿ ಹೊಸದೇನಿಲ್ಲ, ಇಂಥ ಕಥೆ ಎಲ್ಲ ಭಾಷೆಯ ವಾಹಿನಿಗಳಲ್ಲೂ ಮೂರು ಹೊತ್ತು ಓಡುತ್ತಿರುತ್ತದೆ. ಹೊಸದಾಗಿದ್ದದ್ದು ನಾಯಕ–ನಾಯಕಿ ಇಬ್ಬರೂ ಆಡಿದ ಭಾಷೆ. ಉತ್ತರ ಕರ್ನಾಟಕದ ಕನ್ನಡದಲ್ಲಿ ಅವರು ಜಗಳಾಡಿದರು, ಅದರಲ್ಲೇ ಅತ್ತರು, ಪ್ರೀತಿಯನ್ನೂ ಅದರಲ್ಲೇ ಹೇಳಿಕೊಂಡರು. ಅಲ್ಲಿಯವರೆಗೆ ಬಹುತೇಕ ಧಾರಾವಾಹಿಗಳಲ್ಲಿ ಈ ಭಾಷೆ ಅಡುಗೆಯವನಿಗೆ, ಹಾಲಿನವನಿಗೆ, ಇಲ್ಲವೇ ನಾಯಕಿಯ ಪೆದ್ದ ಸೋದರಮಾವನಿಗೆ ಮೀಸಲು. ‘ಐತಿ’, ‘ಹೌದಲ್ಲೋ’ ಎಂದಕೂಡಲೇ ನಗಬೇಕು ಎಂಬುದು ಅಲಿಖಿತ ನಿಯಮವಾಗಿತ್ತು. ಆ ನಿಯಮ ಮುರಿದದ್ದು ಸ್ವಮೇಕ್ ಅಲ್ಲ, ಒಂದು ರಿಮೇಕ್. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ಮೂಲ ಮರಾಠಿ ಧಾರಾವಾಹಿಯೂ ಪುಣೆ–ಮುಂಬೈಗಳ ನಾಜೂಕು ಮಾತು ಬಿಟ್ಟು ಹಳ್ಳಿಯ ಒರಟು ಮಾತಿಗೆ ಇಳಿದದ್ದು. ಅದನ್ನು ಕನ್ನಡಕ್ಕೆ ತರುವವರು ಕಥೆಯೊಡನೆ ಆ ಒರಟುತನಕ್ಕೂ ಇಲ್ಲೊಂದು ನೆಲೆ ಹುಡುಕಬೇಕಾಯಿತು. ಹುಡುಕಿದರು, ಸಿಕ್ಕಿತು.

ವಾಹಿನಿಗಳು ರಿಮೇಕ್ ಮಾಡುವ ಬಗೆಯನ್ನೂ ಇಲ್ಲಿ ಹೇಳಿಬಿಡಬೇಕು. ಜೀ, ಕಲರ್ಸ್‌ನಂಥ ಸಮೂಹಗಳಿಗೆ ನಾಲ್ಕಾರು ಭಾಷೆಗಳಲ್ಲಿ ವಾಹಿನಿಗಳಿವೆ. ಒಂದು ಭಾಷೆಯಲ್ಲಿ ಟಿಆರ್‌ಪಿ ಎತ್ತಿದ ಕಥೆಯನ್ನು ಇನ್ನೊಂದಕ್ಕೆ ದಾಟಿಸಿದರೆ ಹಕ್ಕಿನ ತಕರಾರಿಲ್ಲ, ಕಥೆ ಹಿಡಿಸುತ್ತದೋ ಇಲ್ಲವೋ ಎಂಬ ಆತಂಕವೂ ಅರ್ಧ ಕಡಿಮೆ. ಜೀ ಕನ್ನಡದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ಯಿಂದ ಬಂತು, ‘ಸೀತಾರಾಮ’ ಮರಾಠಿಯ ‘ಮಾಝೀ ತುಝೀ ರೇಶೀಮ್‌ಗಾಠ್’ನಿಂದ, ‘ಪುಟ್ಟಕ್ಕನ ಮಕ್ಕಳು’ ತೆಲುಗಿನ ‘ರಾಧಮ್ಮ ಕೂತುರು’ವಿನಿಂದ. ‘ಅಮೃತಧಾರೆ’ಯದು ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’. ಇವೆಲ್ಲ ಒಂದೇ ಅಚ್ಚಿನವಲ್ಲ. ಪುಟ್ಟಕ್ಕನ ಮೆಸ್ಸು, ಅಲ್ಲಿನ ಒಲೆ, ಗಂಡ ಬಿಟ್ಟುಹೋದವಳು ಮೂರು ಹೆಣ್ಣುಮಕ್ಕಳನ್ನು ಸಾಕುವ ಹಟ, ಇವುಗಳಿಗೆ ಉಮಾಶ್ರೀ ತಮ್ಮ ರಂಗಭೂಮಿಯ ಅನುಭವವನ್ನೆಲ್ಲ ಸುರಿದು ಹಳೇ ಮೈಸೂರಿನ ಮಣ್ಣು ಮೆತ್ತಿದರು. ‘ಅಮೃತಧಾರೆ’ಗೆ ಹಳ್ಳಿಯಿಲ್ಲ, ಉಪಭಾಷೆಯಿಲ್ಲ. ಆದರೆ ರಾಜೇಶ್ ನಟರಂಗ ಮತ್ತು ಛಾಯಾಸಿಂಗ್ ಅವರ ಮಾತಿನ ಸಂಕೋಚದಲ್ಲಿ, ವಯಸ್ಸು ಮೀರಿ ಮದುವೆಯಾದವರ ಮುಜುಗರದಲ್ಲಿ ಕನ್ನಡದ ಮಧ್ಯಮ ವರ್ಗವೊಂದು ಗುರುತು ಸಿಗುವಷ್ಟು ಸ್ಪಷ್ಟವಾಗಿದೆ. ಹಾಗಾಗಿ ಊರು ಎಂದರೆ ಎತ್ತು, ಬಂಡಿ, ಕಟ್ಟೆ ಎಂದೇನೂ ತಿಳಿಯಬೇಕಿಲ್ಲ. ಈ ಜನ ಎಲ್ಲಿಯವರು, ಯಾರಿಗೆ ಅಂಜುತ್ತಾರೆ, ಯಾವುದಕ್ಕೆ ನಾಚುತ್ತಾರೆ ಎಂದು ನೋಡುವವನಿಗೆ ಗೊತ್ತಾದರೆ ಸಾಕು.

ಸಿನಿಮಾದಲ್ಲಿ ರಿಮೇಕಿನ ಕಥೆ ಇನ್ನೂ ಹಳೆಯದು, ಅದಕ್ಕೊಂದು ಕಾರಣವೂ ಇದೆ. 1960ರ ದಶಕದ ಆರಂಭದಲ್ಲಿ ಅ.ನ.ಕೃ. ಮುಂತಾದವರು ಮುಂದೆ ನಿಂತ ಚಳವಳಿಯ ಬಳಿಕ ಕನ್ನಡದಲ್ಲಿ ಡಬ್ಬಿಂಗ್ ನಿಂತುಹೋಯಿತು. ಕಾನೂನೇನೂ ಇರಲಿಲ್ಲ, ಉದ್ಯಮದ ಕಟ್ಟುಪಾಡೇ ಕಾನೂನಿನಂತೆ ನಡೆಯಿತು. ಪರಭಾಷೆಯ ಒಳ್ಳೆಯ ಕಥೆ ಕನ್ನಡಕ್ಕೆ ಬರಲು ಉಳಿದದ್ದು ಒಂದೇ ಬಾಗಿಲು, ರಿಮೇಕ್. ಆ ಬಾಗಿಲಿನಿಂದ ಕಸವೂ ಬಂತು, ಕಾಳೂ ಬಂತು. ಕಾಳಿನಲ್ಲಿ ‘ಆಪ್ತಮಿತ್ರ’ವನ್ನು ಹತ್ತಿರದಿಂದ ನೋಡಬೇಕು. ಮಲಯಾಳದ ‘ಮಣಿಚಿತ್ರತಾಳ್’ 1993ರದು. ಅದರಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದ ನರ್ತಕಿ, ಆವೇಶ ಬಂದಾಗ ತಮಿಳು ಮಾತಾಡುತ್ತಾಳೆ. ಕೇರಳದ ತರವಾಡು ಮನೆಯೊಳಗೆ ತಮಿಳು ಕೇಳಿಬಂದಾಗ ನೋಡುವವನ ಮೈ ಝುಂ ಎನ್ನುತ್ತದೆ, ಏಕೆಂದರೆ ಅದು ಪಕ್ಕದ ಮನೆಯ ಭಾಷೆ. ಅರ್ಥವಾಗುವಷ್ಟು ಹತ್ತಿರ, ಬೆಚ್ಚಿಸುವಷ್ಟು ದೂರ. 2004ರಲ್ಲಿ ಪಿ. ವಾಸು ಕನ್ನಡಕ್ಕೆ ತಂದಾಗ ಆ ತಮಿಳನ್ನು ಹಾಗೇ ಇಡಲಿಲ್ಲ, ಕನ್ನಡಕ್ಕೂ ತಿರುಗಿಸಲಿಲ್ಲ. ನಾಗವಲ್ಲಿಯ ಬಾಯಿಗೆ ತೆಲುಗು ಕೊಟ್ಟರು. ಸೌಂದರ್ಯ ಹಾಡಿ ಕುಣಿಯುವ ಆ ಪ್ರಸಿದ್ಧ ಹಾಡು ಕನ್ನಡ ಚಿತ್ರದೊಳಗಿನ ತೆಲುಗು ಹಾಡು. ಮೂಲದಲ್ಲಿ ಭಾಷೆ ಮಾಡಿದ ಕೆಲಸವನ್ನು ಇಲ್ಲಿ ಯಾವ ಭಾಷೆ ಮಾಡೀತು ಎಂದು ಕೇಳಿಕೊಂಡವನಿಗೆ ಮಾತ್ರ ಹೊಳೆಯುವ ಉಪಾಯ ಅದು. 2014ರ ‘ದೃಶ್ಯ’ದಲ್ಲೂ ಇಡುಕ್ಕಿಯ ಜಾರ್ಜ್‌ಕುಟ್ಟಿ ಇಲ್ಲಿ ರಾಜೇಂದ್ರ ಪೊನ್ನಪ್ಪನಾದ. ಹೆಸರು ಕೇಳಿದಾಕ್ಷಣವೇ ಕೊಡಗಿನ ಮಳೆ, ತೋಟ, ಸಣ್ಣ ಪಟ್ಟಣದ ಕೇಬಲ್ ಅಂಗಡಿ ಕಣ್ಣಮುಂದೆ ಬರುತ್ತವೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಗಡಿಗೇ ಅಂಟಿಕೊಂಡಿದೆ. ನಾಗರಾಜ ಮಂಜುಳೆಯವರ ‘ಸೈರಾಟ್’ 2016ರಲ್ಲಿ ಬಂದಾಗ ಗಡಿ ಜಿಲ್ಲೆಗಳ ಕನ್ನಡಿಗರು ಮರಾಠಿಯಲ್ಲೇ ಅದನ್ನು ಮುಗಿಬಿದ್ದು ನೋಡಿದರು. ಸೊಲ್ಲಾಪುರ ಜಿಲ್ಲೆಯ ಕರಮಾಳಾ ಸೀಮೆಯ ನೆಲ, ಅಲ್ಲಿನ ಬಾವಿ, ಕಬ್ಬು, ಬುಲೆಟ್ ಓಡಿಸುವ ಪಾಟೀಲರ ಹುಡುಗಿ, ಮೀನುಗಾರರ ಹುಡುಗ. ಪ್ರೀತಿಯ ಹಾಡುಗಳೆಲ್ಲ ಮುಗಿದ ಮೇಲೆ ಬರುವ ಜಾತಿಯ ಕತ್ತಿ. ಮರುವರ್ಷವೇ ಎಸ್. ನಾರಾಯಣ್ ಅದನ್ನು ‘ಮನಸು ಮಲ್ಲಿಗೆ’ ಮಾಡಿದರು. ನಾಯಕಿ ಅದೇ ರಿಂಕು ರಾಜಗುರು, ಸಂಗೀತ ಅದೇ ಅಜಯ್–ಅತುಲ್, ಕಥೆ ಅದೇ. ಆದರೂ ‘ಸೈರಾಟ್’ ಎಬ್ಬಿಸಿದ ಅಲೆ ಏಳಲಿಲ್ಲ. ಸೊಲ್ಲಾಪುರಕ್ಕೆ ಮಗ್ಗುಲಾಗಿರುವ ಇಂಡಿ, ಚಡಚಣಗಳ ಕನ್ನಡ ಅದೇ ಬಿಸಿಲಿನಲ್ಲಿ ಬೆಳೆದದ್ದು, ಅದೇ ಕಬ್ಬು, ಅದೇ ಗೌಡಕಿ, ಅದೇ ಜಾತಿಲೆಕ್ಕ ಅಲ್ಲೂ ಇದೆ. ಆ ಕನ್ನಡ ಚಿತ್ರದ ಬೆನ್ನೆಲುಬಾಗಲಿಲ್ಲ. ಹಿಂದಿಯ ‘ಧಡಕ್’ ಇದೇ ಕಥೆಯನ್ನು ಉದಯಪುರದ ಅರಮನೆಗಳ ನಡುವೆ ಇಟ್ಟು ಇನ್ನೂ ನುಣ್ಣಗೆ ಮಾಡಿತು. ಹಾಡು ಕೊಂಡರು, ನಾಯಕಿಯನ್ನು ಕರೆತಂದರು, ಹಕ್ಕಿಗೆ ಹಣ ಕೊಟ್ಟರು. ಊರನ್ನು ಮಾತ್ರ ಯಾರೂ ಹಕ್ಕಿನ ಜೊತೆ ಬರೆದುಕೊಡುವುದಿಲ್ಲ, ತರುವವನೇ ಕಟ್ಟಿಕೊಳ್ಳಬೇಕು.

ಈಗ ಸ್ವಮೇಕಿನ ಕಡೆ ಬರೋಣ. ‘ಕೆ.ಜಿ.ಎಫ್’ ಎಂಬ ಹೆಸರು ಕೋಲಾರದ್ದು. ಆದರೆ ಚಿತ್ರದ ನರಾಚಿ ಯಾವ ನಕ್ಷೆಯಲ್ಲೂ ಇಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ನೆಲದೊಳಗೆ ಇಳಿದ ಕಾರ್ಮಿಕರ ಬದುಕಿಗೂ ಅಲ್ಲಿನ ಗುಲಾಮರ ಹಿಂಡಿಗೂ ಸಂಬಂಧ ಕಮ್ಮಿ. ಚಿತ್ರ ಗೆದ್ದಿತು, ಕನ್ನಡ ಚಿತ್ರರಂಗಕ್ಕೆ ಭಾರತದ ಮಾರುಕಟ್ಟೆಯನ್ನೇ ತೆರೆಯಿತು. ಅದರ ಕಸುಬುಗಾರಿಕೆಯನ್ನು ಅಲ್ಲಗಳೆಯಲು ಯಾರಿಂದಲೂ ಆಗದು. ಆದರೆ ಆ ಗೆಲುವನ್ನು ನೋಡಿ ಬಂದ ದೊಡ್ಡ ಚಿತ್ರಗಳು ಕಲಿತದ್ದು ಅದರ ಗದ್ದಲವನ್ನು. 2024ರ ಕ್ರಿಸ್‌ಮಸ್‌ಗೆ ಬಂದ ಸುದೀಪ್ ಅವರ ‘ಮ್ಯಾಕ್ಸ್’ ಒಂದೇ ರಾತ್ರಿಯಲ್ಲಿ ಪೊಲೀಸ್ ಠಾಣೆಯೊಳಗೆ ನಡೆಯುವ ಕಥೆ, ಬಿಗಿಯಾಗಿಯೂ ಇದೆ. ಅದೇ ನಿರ್ದೇಶಕ ವಿಜಯ್ ಕಾರ್ತಿಕೇಯ ಮತ್ತೆ ಸುದೀಪ್ ಜೊತೆ 2025ರ ಡಿಸೆಂಬರ್ 25ಕ್ಕೆ ‘ಮಾರ್ಕ್’ ತಂದರು. ಎರಡನ್ನೂ ನಾಳೆ ಚೆನ್ನೈಗೋ ವಿಶಾಖಪಟ್ಟಣಕ್ಕೋ ಎತ್ತಿ ಇಟ್ಟರೆ ಫಲಕಗಳ ಅಕ್ಷರ ಬದಲಿಸುವುದಷ್ಟೇ ಕೆಲಸ. ಇದು ದೂರಲ್ಲ, ಗುಣಲಕ್ಷಣ. ರೋಚಕ ಕಥೆಗೆ ಊರಿನ ಹಂಗು ಬೇಡ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಂಡಿನ ಸದ್ದಿಗೆ ಉಪಭಾಷೆ ಬೇಡ. ಆದರೆ ಇವನ್ನು ಸ್ವಮೇಕ್ ಎಂದು ಕರೆದು ‘ಗಿಣಿರಾಮ’ವನ್ನು ರಿಮೇಕ್ ಎಂದು ಕೆಳಗೆ ಕೂರಿಸುವ ನ್ಯಾಯ ಮಾತ್ರ ಯಾವ ಲೆಕ್ಕದಿಂದಲೂ ಸರಿಯಲ್ಲ.

‘ಕಾಂತಾರ’ದ ಎರಡು ಚಿತ್ರಗಳ ನಡುವೆಯೇ ಈ ವ್ಯತ್ಯಾಸವನ್ನು ಕಾಣಬಹುದು. 2022ರ ಸೆಪ್ಟೆಂಬರ್ 30ರಂದು ಮೊದಲ ‘ಕಾಂತಾರ’ ಬಿಡುಗಡೆಯಾದದ್ದು ಕನ್ನಡದಲ್ಲಿ ಮಾತ್ರ. ಜನ ಮೆಚ್ಚಿದ ಮೇಲೆ, ಎರಡು ವಾರ ಕಳೆದು ಹಿಂದಿಗೆ ಹೋಯಿತು. ಕುಂದಾಪುರದ ಕನ್ನಡ, ಕಂಬಳದ ಕೆಸರು, ಕಾಡುಹಂದಿ ಬೇಟೆ, ಅರಣ್ಯ ಇಲಾಖೆಯ ಜೊತೆಗಿನ ಗಡಿಜಗಳ, ಎಲ್ಲವೂ ಒಂದೇ ಹಳ್ಳಿಯೊಳಗೆ. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ: ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗುತ್ತದೆ, ಅರಮನೆ, ರಥ, ಯುದ್ಧ, ಹುಲಿ. ನೋಡಲು ಬೆರಗು, ರಿಷಬ್ ಶೆಟ್ಟಿಯವರ ದೈವಾವೇಶದ ನಟನೆಯೂ ಹಾಗೆಯೇ. ಹಣವನ್ನೂ ಮೊದಲನೆಯದಕ್ಕಿಂತ ಹೆಚ್ಚು ತಂದಿತು. ಆದರೂ ಮೊದಲನೆಯದರ ಶಿವನನ್ನು ಅವನ ಮಾತಿನ ಧಾಟಿಯಿಂದಲೇ ಗುರುತು ಹಿಡಿಯಬಹುದಿತ್ತು. ಎರಡನೆಯದರಲ್ಲಿ ಜನರಿಗಿಂತ ಅವರ ಬೆನ್ನ ಹಿಂದಿನ ದೃಶ್ಯವೇ ನೆನಪಿನಲ್ಲಿ ಉಳಿಯುತ್ತದೆ. ಮಾರುಕಟ್ಟೆ ಹಿಗ್ಗಿದಷ್ಟೂ ಊರು ಸಣ್ಣದಾಗುವುದು ಅನಿವಾರ್ಯವೇನಲ್ಲ, ಆದರೆ ಇಲ್ಲಿ ಆದದ್ದು ಅದು.

ಉತ್ತರ ಕರ್ನಾಟಕದ ಭಾಷೆಯಲ್ಲಿ ಇಡೀ ಚಿತ್ರ, ಇಡೀ ಧಾರಾವಾಹಿ ಮಾಡಿದರೆ ಮೈಸೂರು, ಮಂಗಳೂರಿನವರಿಗೆ ಅರ್ಥವಾಗುವುದಿಲ್ಲ, ಮಾರುಕಟ್ಟೆ ಅರ್ಧವಾಗುತ್ತದೆ ಎಂಬುದು ಈ ವಾದಕ್ಕೆ ಬರುವ ಮೊದಲ ಆಕ್ಷೇಪ. ಉತ್ತರವನ್ನು ಕರಾವಳಿಯವರೇ ಕೊಟ್ಟುಬಿಟ್ಟಿದ್ದಾರೆ. 2025ರ ಜುಲೈ 25ರಂದು ಬಂದ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ದಲ್ಲಿ ದೊಡ್ಡ ತಾರೆಯಿಲ್ಲ, ದೊಡ್ಡ ಬಜೆಟ್ಟಿಲ್ಲ. ಒಬ್ಬ ಹುಡುಗ ಸಿಕ್ಕಿಬೀಳುವುದನ್ನು ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರಿಗೆ ಊರೇ ಸುಲೋಚನಾ ಎಂಬ ಕಾಣದ ಹೆಂಗಸಿನ ಹಿಂದೆ ಬೀಳುತ್ತದೆ. ಇಡೀ ಚಿತ್ರ ಮಂಗಳೂರು ಕಡೆಯ ಕನ್ನಡದಲ್ಲಿದೆ, ನಡುನಡುವೆ ತುಳುವಿನ ವಾಸನೆ. ‘ರವಿಯಣ್ಣ’ ಎಂಬ ಊರ ಮುಖಂಡನ ಗತ್ತಿಗೆ ಕಲಬುರಗಿಯಲ್ಲೂ ನಕ್ಕರು, ಕೋಲಾರದಲ್ಲೂ ನಕ್ಕರು. ಗಳಿಕೆ ನೂರು ಕೋಟಿ ದಾಟಿತೆಂದು ವರದಿಯಾಯಿತು. ಮಂಡ್ಯದ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿ ಇಟ್ಟುಕೊಂಡ ‘ತಿಥಿ’ಯನ್ನು 2015–16ರಲ್ಲಿ ಲೋಕಾರ್ನೊ, ಶಾಂಘೈಗಳವರೆಗೆ ಮೆಚ್ಚಿದ್ದು ಆಗಲೇ ಗೊತ್ತಿದ್ದ ಸಂಗತಿ. ಕರಾವಳಿಯ ಕನ್ನಡ ಗದಗಿಗೆ ಅರ್ಥವಾಗುವುದಾದರೆ ಗದಗಿನ ಕನ್ನಡ ಕರಾವಳಿಗೆ ಯಾಕೆ ಅರ್ಥವಾಗದು? ಅರ್ಥದ ತೊಡಕು ಇಲ್ಲಿ ನೆಪ; ಅಸಲಿಗೆ ಇರುವುದು ಅಭ್ಯಾಸದ ತೊಡಕು. ನಾಗಾಭರಣರ ‘ನಾಗಮಂಡಲ’ 1997ರಲ್ಲೇ ಈ ಭಾಷೆಯಲ್ಲಿ ಪ್ರೇಮ, ಕಾಮ, ಸಂಶಯ, ಸೋಜಿಗ ಎಲ್ಲವನ್ನೂ ಹೇಳಿ ತೋರಿಸಿತ್ತು. ಅದರ ಬೆನ್ನಿಗೆ ಸಾಲು ಬರಲಿಲ್ಲ, ಅಷ್ಟೇ.

ಇನ್ನೊಂದು ಮಾತನ್ನು ಈ ಸೀಮೆಯವರು ಹಕ್ಕಿನಿಂದ ಹೇಳಬಹುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು. ಪಂಪ ತನ್ನ ಕಾವ್ಯದ ಭಾಷೆ ಎಂದು ಹೇಳಿಕೊಂಡದ್ದೂ ಆ ಪುಲಿಗೆರೆಯ ಕನ್ನಡವನ್ನೇ. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಬೆಳ್ಳಟ್ಟಿಯವರು ಸಂತೆ, ಆಸ್ಪತ್ರೆ, ಬಟ್ಟೆಬರೆಗೆ ಹೋಗಿಬರುವಷ್ಟು ಹತ್ತಿರದ ಪಟ್ಟಣ. ಸಾವಿರ ವರ್ಷದ ಹಿಂದೆ ತಿರುಳು ಎನಿಸಿಕೊಂಡ ನೆಲದ ಮಾತು ಇವತ್ತಿನ ಪರದೆಯಲ್ಲಿ ಹಾಸ್ಯಗಾರನ ಪಾಲಿಗೆ ಬಿದ್ದದ್ದು ಹೇಗೆ ಎಂಬುದನ್ನು ಚರಿತ್ರೆಕಾರರು ಹೇಳಲಿ. ಸ್ಟುಡಿಯೋಗಳು ಮೊದಲು ಮದರಾಸಿನಲ್ಲಿದ್ದವು, ಆಮೇಲೆ ಬೆಂಗಳೂರಿಗೆ ಬಂದವು, ಬರೆಯುವವರು ಆ ಸುತ್ತಲಿನವರೇ ಆದರು ಎಂಬುದು ನನಗೆ ತೋಚುವ ಸರಳ ಕಾರಣ.

ಬೆಂಗಳೂರಿನಲ್ಲಿ ಬರೆಯುವ ಉತ್ತರ ಕರ್ನಾಟಕದ ಭಾಷೆ ಹೇಗಿರುತ್ತದೆ ಎಂಬುದನ್ನೂ ನೋಡಬೇಕು. ವಾಕ್ಯದ ತುದಿಗೆಲ್ಲ ಒಂದೊಂದು ‘ರೀ’ ಅಂಟಿಸಿದರೆ, ‘ಇದೆ’ ಇದ್ದಲ್ಲಿ ‘ಐತಿ’ ಹಾಕಿದರೆ ಭಾಷೆ ತಯಾರು. ಹೆತ್ತವಳು ಮಗನನ್ನು ‘ಉಣ್ಣಾಕ ಬಾರ್ರೀ’ ಎಂದು ಕರೆಯುವಂಥ ಮಾತನ್ನು ಬರೆಯುವವರಿದ್ದಾರೆ. ಈ ಕಡೆ ‘ರೀ’ ಎಂಬುದು ಮರ್ಯಾದೆ. ಅದು ಸೊಸೆ ಅತ್ತೆಗೆ, ಆಳು ಗೌಡರಿಗೆ, ಅಂಗಡಿಯವನು ಗಿರಾಕಿಗೆ ಹೇಳುವ ಮಾತು. ತಾಯಿ ಮಗನಿಗೆ ‘ಬಾರಪಾ’ ಎನ್ನುತ್ತಾಳೆ, ಮಗಳಿಗೆ ‘ಬಾರವಾ’ ಎನ್ನುತ್ತಾಳೆ. ಹುಟ್ಟಿಸಿದವಳೇ ಮಗುವನ್ನು ಅಪ್ಪ, ಅವ್ವ ಎಂದು ಕರೆಯುವ ಆ ಅಂತಃಕರಣ ತಪ್ಪಿಹೋದರೆ ದೃಶ್ಯದ ಜೀವವೇ ಹೋದಂತೆ. ಒಂದೇ ಮನೆಗೆ ಬಂದ ಸೊಸೆಯಂದಿರು ನೆಗೆಣ್ಣಿಯರು. ಅವರ ನಡುವಿನ ಮತ್ಸರವೇ ನೂರು ಕಂತಿಗೆ ಸಾಕಾಗುವ ಸರಕು, ಆದರೆ ಆ ಹೆಸರನ್ನೇ ಧಾರಾವಾಹಿಗಳಲ್ಲಿ ಕೇಳುವುದು ಅಪರೂಪ. ಧಾರವಾಡದ ಮಾತು, ಗದಗಿನ ಮಾತು, ರಾಯಚೂರಿನ ಮಾತು ಒಂದೇ ಅಲ್ಲ ಎಂಬುದಂತೂ ಇನ್ನೂ ದೂರದ ಮಾತು. ಆದ್ದರಿಂದ ಊರು ಕೊಡುವುದು ಎಂದರೆ ಪ್ರತ್ಯಯ ಬದಲಿಸುವುದಲ್ಲ. ಯಾರು ಯಾರಿಗೆ ಏನೆನ್ನುತ್ತಾರೆ ಎಂಬುದರಲ್ಲೇ ಆ ಊರಿನ ಅಧಿಕಾರ, ಜಾತಿ, ಮಮತೆ ಎಲ್ಲ ಅಡಗಿದೆ.

ಇದನ್ನು ಸರಿಯಾಗಿ ಮಾಡಿದವರು ಇಲ್ಲದಿಲ್ಲ. ಉತ್ಸವ್ ಗೋನವಾರರ ‘ಫೋಟೋ’ 2024ರ ಮಾರ್ಚಿನಲ್ಲಿ ಬಂತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ರಾಯಚೂರು ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿ ಹೋಗುತ್ತಾನೆ, ಅಷ್ಟರಲ್ಲಿ ಲಾಕ್‌ಡೌನ್. ಆಮೇಲಿನದು ನಡಿಗೆ. 2025ರ ಜುಲೈಯಲ್ಲಿ ಭೀಮರಾವ್ ಅವರ ‘ಹೆಬ್ಬುಲಿ ಕಟ್’ ಬಂತು: ಸುದೀಪ್ ಅವರ ‘ಹೆಬ್ಬುಲಿ’ ಚಿತ್ರದಲ್ಲಿದ್ದಂತೆ ತಲೆಗೂದಲು ಕತ್ತರಿಸಿಕೊಳ್ಳಬೇಕೆಂಬ ಹುಡುಗನ ಆಸೆಗೆ ದುಡ್ಡು, ಜಾತಿ ಎರಡೂ ಅಡ್ಡ ನಿಲ್ಲುತ್ತವೆ. ದೊಡ್ಡ ತಾರೆಯ ಚಿತ್ರವೊಂದು ಹಳ್ಳಿಯ ಹುಡುಗನೊಬ್ಬನ ತಲೆಯ ಮೇಲೆ ಏನು ಮಾಡುತ್ತದೆ ಎಂಬುದನ್ನು ಇ‍ಷ್ಟು ನೇರವಾಗಿ ತೋರಿಸಿದ ಕನ್ನಡ ಚಿತ್ರ ಇನ್ನೊಂದು ನೆನಪಾಗುವುದಿಲ್ಲ. ಎರಡೂ ಸ್ವಮೇಕ್, ಎರಡಕ್ಕೂ ಊರಿದೆ. ಹಾಗಿದ್ದರೆ ಅವು ‘ಸು ಫ್ರಮ್ ಸೋ’ದಂತೆ ಯಾಕೆ ಓಡಲಿಲ್ಲ ಎಂದು ಕೇಳುವುದು ನ್ಯಾಯವೇ. ಒಂದು, ಅವು ನಗಿಸಲು ಹೊರಟ ಚಿತ್ರಗಳಲ್ಲ. ಎರಡು, ಯಾವ ಜನರ ಕಥೆಯೋ ಆ ಜನರ ಊರಿನ ಬಳಿ ಪರದೆಯಿಲ್ಲ. ಬೆಳ್ಳಟ್ಟಿಯವರಿಗೆ ಹೊಸ ಚಿತ್ರವೆಂದರೆ ಗದಗಿನ, ಹುಬ್ಬಳ್ಳಿಯ ಬಸ್ಸು. ಸಣ್ಣ ಚಿತ್ರ ಅಲ್ಲಿಯ ಥಿಯೇಟರಿನಲ್ಲಿ ಒಂದು ವಾರ ನಿಲ್ಲುವುದೇ ಕಷ್ಟ. ನೆಲೆಯಿದ್ದ ಮಾತ್ರಕ್ಕೆ ಚಿತ್ರ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಎರಡನ್ನು ಕೊಂದದ್ದು ಅವುಗಳ ಭಾಷೆಯಲ್ಲ.

ಈ ಕಾರಣಕ್ಕೇ ಈ ಕಡೆಯ ಮಟ್ಟಿಗೆ ಟಿವಿಯ ಮಾತು ಸಿನಿಮಾದ ಮಾತಿಗಿಂತ ದೊಡ್ಡದು. 2015ರಲ್ಲಿ ಬಾರ್ಕ್ ಸಂಸ್ಥೆ ಪಟ್ಟಣಗಳ ಜೊತೆ ಹಳ್ಳಿಯ ಟಿವಿಗಳನ್ನೂ ಟಿಆರ್‌ಪಿ ಲೆಕ್ಕಕ್ಕೆ ತಂದಿತು. ಅದಕ್ಕೂ ಮುಂಚೆ ಹಳ್ಳಿಯವರು ಏನು ನೋಡಿದರೂ ಜಾಹೀರಾತಿನವರಿಗೆ ಅದು ಲೆಕ್ಕವೇ ಇರಲಿಲ್ಲ. ಬಳಿಕ ಧಾರಾವಾಹಿಗಳಿಗೆ ಹಳ್ಳಿಯ ನೆನಪಾದದ್ದು ಬರೀ ಕಲಾಪ್ರೇಮದಿಂದಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊರೇ ಮುಖ್ಯವಾದರೆ ‘ಮಹಾನಾಯಕ’ ಹೇಗೆ ಗೆದ್ದಿತು? ಸ್ಪರ್ಧಾ ಆಯೋಗ 2015ರಲ್ಲಿ ಡಬ್ಬಿಂಗ್ ತಡೆದವರಿಗೆ ದಂಡ ಹಾಕಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಡಬ್ಬಿಂಗ್ ಚಿತ್ರ ತೆರೆಗೆ ಬಂತು, 2020ರ ಲಾಕ್‌ಡೌನ್ ಹೊತ್ತಿಗೆ ವಾಹಿನಿಗಳು ಬಾಗಿಲನ್ನು ಪೂರ್ತಿ ತೆರೆದವು. ಆ ಜುಲೈಯಲ್ಲಿ ಜೀ ಕನ್ನಡ ಹಿಂದಿಯಿಂದ ಡಬ್ ಮಾಡಿ ಅಂಬೇಡ್ಕರ್ ಜೀವನದ ಈ ‘ಮಹಾನಾಯಕ’ ಧಾರಾವಾಹಿ ತಂದಿತು. ಅದರ ಕನ್ನಡ ಪುಸ್ತಕದ ಕನ್ನಡ, ಅದರ ನೆಲ ಮಹಾರಾಷ್ಟ್ರ. ಆದರೂ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಅಗಸೆಗೆ, ವೃತ್ತಕ್ಕೆ ಅದರ ಬ್ಯಾನರ್ ಏರಿತು. ಜನ ತಮ್ಮ ದುಡ್ಡಿನಲ್ಲೇ ಕಟ್ಟಿದ ಬ್ಯಾನರ್. ಯಾವ ಧಾರಾವಾಹಿಗೂ ಹಾಗಾದದ್ದಿಲ್ಲ. ಇದು ನನ್ನ ವಾದಕ್ಕೆ ಪೆಟ್ಟು ಎಂದು ಒಪ್ಪಲು ಅಡ್ಡಿಯಿಲ್ಲ, ಆದರೆ ಪೂರ್ತಿ ಪೆಟ್ಟಲ್ಲ. ಆ ಕಥೆಗೆ ಊರನ್ನು ನೋಡುವವರೇ ಕೊಟ್ಟರು. ಬಾವಿಯ ನೀರು ಮುಟ್ಟಗೊಡದ ದೃಶ್ಯಕ್ಕೆ ಸಾತಾರೆಯೇ ಆಗಬೇಕೆಂದಿಲ್ಲ. ಅದು ನಮ್ಮ ಓಣಿಯಲ್ಲೂ ನಡೆದದ್ದು, ಕೆಲವು ಕಡೆ ಈಗಲೂ ನಡೆಯುವುದು. ಅಲ್ಲದೆ ಅಂಥದೊಂದು ಕಥೆಯನ್ನು ಕನ್ನಡದ ವಾಹಿನಿಗಳು ಅಲ್ಲಿಯವರೆಗೆ ತಾವಾಗಿ ಹೇಳಿರಲಿಲ್ಲ. ಹಸಿದವನ ಮುಂದೆ ಊಟ ಬಂದಾಗ ಅಡುಗೆ ಯಾರದು ಎಂದು ಆತ ಕೇಳುವುದಿಲ್ಲ. ಡಬ್ಬಿಂಗ್ ಬಂದದ್ದರಿಂದ ರಿಮೇಕಿಗೆ ಹೊಸ ಪರೀಕ್ಷೆಯೂ ಬಂದಿದೆ: ಮೂಲವನ್ನೇ ಕನ್ನಡದಲ್ಲಿ ಕೇಳಬಹುದಾದ ಮೇಲೆ ಶಾಟಿಗೆ ಶಾಟ್ ನಕಲು ಯಾರಿಗೆ ಬೇಕು? ಊರು ಬದಲಿಸಿ, ಜನರನ್ನು ಬದಲಿಸಿ ಮಾಡಿದ ರಿಮೇಕಿಗೆ ಮಾತ್ರ ಇನ್ನು ಮುಂದೆ ಅರ್ಥ.

ಪಾಪ, ಕನ್ನಡದ ಬರಹಗಾರರ ಗತಿಯೇನು, ಹೀಗೆ ತಂದು ತಂದು ಹಾಕಿದರೆ ನಮ್ಮದು ಎಂಬುದೇ ಉಳಿಯದಲ್ಲ ಎನ್ನುವವರಿಗೆ ಗದಗಿನದೇ ಒಂದು ಹಳೆಯ ಕಥೆ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೊನ್ನಾವರ ಕಡೆಯ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಯಕ್ಷಗಾನ ಆಡಿತು. ಅದನ್ನು ಕಂಡ ಸಂಸ್ಥಾನಿಕರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು; ಮರಾಠಿ ರಂಗಭೂಮಿ ಅಲ್ಲಿಂದ ಲೆಕ್ಕ ಹಿಡಿಯುತ್ತದೆ. ಮುಂದೆ ಅದೇ ಮರಾಠಿ ನಾಟಕ ಮಂಡಳಿಗಳು ತಿರುಗಿ ನಮ್ಮ ಕಡೆ ಬಂದು ಕನ್ನಡಿಗರನ್ನು ಮರುಳು ಮಾಡಿದವು. ಆಗ 1870ರ ದಶಕದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ, ಮರಾಠಿಯವರ ರಂಗವನ್ನೇ ಕನ್ನಡಕ್ಕೆ ಒಗ್ಗಿಸಿಕೊಂಡರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಅಂಧ ಕಲಾವಿದರಿಗೆ ಬದುಕು ಕೊಟ್ಟ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ ಎಲ್ಲ ಆ ದಾರಿಯಲ್ಲೇ ಬೆಳೆದವು. ಇಲ್ಲಿಂದ ಹೋದದ್ದು ಅಲ್ಲಿ ಬೇರೆಯಾಗಿ, ತಿರುಗಿ ಬಂದು ಇಲ್ಲಿ ಮತ್ತೊಂದಾಯಿತು. ಮರಾಠಿಯಿಂದ ‘ಗಿಣಿರಾಮ’ ಬಂದದ್ದು ಅದೇ ಹಳೇ ಹಾದಿ. ಶಾಂತಕವಿಗಳು ಮರಾಠಿ ರಂಗವನ್ನು ಬೈದು ಸುಮ್ಮನಿರಲಿಲ್ಲ, ನಕಲು ಮಾಡಿಯೂ ಸುಮ್ಮನಿರಲಿಲ್ಲ. ಬರಹಗಾರರ ಅನ್ನದ ಪ್ರಶ್ನೆಗೆ ಮಾತ್ರ ಬೇರೆ ಉತ್ತರ ಬೇಕು. ರಿಮೇಕಿಗೆ ಊರು ಕಟ್ಟುವ ಕೆಲಸಕ್ಕೂ ಬರಹಗಾರನೇ ಬೇಕು. ಸದ್ಯ ಅವನಿಗೆ ಸಿಗುತ್ತಿರುವುದು ಭಾಷಾಂತರಕಾರನ ಸ್ಥಾನ, ಅದು ತಪ್ಪು.

ಕಡೆಗೆ ರಿಮೇಕುಗಳಲ್ಲೇ ದೊಡ್ಡ ರಿಮೇಕ್. ‘ಬಿಗ್ ಬಾಸ್’ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ಬಿಗ್ ಬ್ರದರ್’ ಎಂಬ ಅಚ್ಚು, ಹಿಂದಿಯ ಮೂಲಕ 2013ರಲ್ಲಿ ಕನ್ನಡಕ್ಕೆ ಇಳಿಯಿತು. ಕ್ಯಾಮೆರಾ ತುಂಬಿದ ಮನೆ, ಎಲಿಮಿನೇಷನ್, ಟಾಸ್ಕು, ಎಲ್ಲವೂ ಪರದೇಶದ್ದೇ. ಅದರ ಹನ್ನೊಂದನೆಯ ಸೀಸನ್ನಿನಲ್ಲಿ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಹನುಮಂತ ನಡುವೆ ಸೇರಿಕೊಂಡರು. ಶಿರಹಟ್ಟಿಯವರಿಗೆ ಅದು ನೆರೆಯ ಸೀಮೆ. ಆ ಮನೆಯೊಳಗೆ ಅವರು ಮಾತಿನ ಧಾಟಿ ಬದಲಿಸಲಿಲ್ಲ, ಲುಂಗಿ ಬಿಡಲಿಲ್ಲ, ಮುಗ್ಧನೋ ಚಾಲಾಕೋ ಎಂದು ಬೆಂಗಳೂರಿನವರು ಚರ್ಚೆ ಮಾಡುತ್ತಿರುವಾಗಲೇ 2025ರ ಜನವರಿಯಲ್ಲಿ ಗೆದ್ದು ಹೊರಬಂದರು. ಮತ ಹಾಕಿದವರೆಲ್ಲ ಹಾವೇರಿ–ಗದಗದವರೇ ಆಗಿದ್ದರೆ ಅಷ್ಟು ಮತ ಬೀಳುವಂತಿರಲಿಲ್ಲ. ಡಚ್ಚರ ಅಚ್ಚಿನೊಳಗೆ ಜವಾರಿ ಕನ್ನಡದ ಒಬ್ಬ ಮನುಷ್ಯ ಇಡೀ ಕರ್ನಾಟಕಕ್ಕೆ ಅರ್ಥವಾದರು. ಅವರ ಮಾತಿಗೆ ಅಡಿಯಲ್ಲಿ ಅಕ್ಷರ ಹಾಕಿ ವಿವರಿಸುವ ಗರಜು ಬೀಳಲಿಲ್ಲ.

ಮುಂದಿನ ರಿಮೇಕಿನ ಹಕ್ಕು ಕೊಳ್ಳುವ ವಾಹಿನಿಯವರಲ್ಲಿ ಒಂದು ವಿನಂತಿ. ಕಥೆ ಮರಾಠಿಯದಾಗಲಿ, ತೆಲುಗಿನದಾಗಲಿ, ತರ್ರಿ, ನಮ್ಮ ತಕರಾರಿಲ್ಲ. ಆದರೆ ಮಾತು ಬರೆಯಲು ಗದಗ, ಕೊಪ್ಪಳ, ರಾಯಚೂರು ಕಡೆಯ ಒಬ್ಬ ಬರಹಗಾರನನ್ನೋ ಬರಹಗಾರ್ತಿಯನ್ನೋ ಮೊದಲ ಕಂತಿನಿಂದಲೇ ಇಟ್ಟುಕೊಳ್ಳಿ. ಅವರಿಗೆ ಸಂಭಾಷಣೆಯ ಜೊತೆ ಕಥೆಯನ್ನೂ ಬದಲಿಸುವ ಹಕ್ಕು ಕೊಡಿ, ಹೆಸರನ್ನು ಟೈಟಲ್ ಕಾರ್ಡಿನಲ್ಲಿ ದೊಡ್ಡದಾಗಿ ಹಾಕಿ. ಕಂಪನಿ ನಾಟಕಗಳಿಂದ ಬಂದ ನಟರು ಈ ಜಿಲ್ಲೆಗಳಲ್ಲಿ ಕೆಲಸವಿಲ್ಲದೆ ಕುಳಿತಿದ್ದಾರೆ, ಅವರನ್ನು ಕರೆಯಿರಿ. ಅಡುಗೆಯವನ ಪಾತ್ರಕ್ಕಲ್ಲ.